ಕಾಯಿ ಕೆಟ್ಟರೆ ಅಪಶಕುನವೇ?

ಪ್ರಶ್ನೆ: ಮಗಳ ನಿಶ್ಚಿತಾರ್ಥದ ದಿನ ಗಣಪತಿ ಪೂಜೆಗೆ ಒಡೆದ ತೆಂಗಿನಕಾಯಿ ಕೆಟ್ಟಿತ್ತು. ಬೇರೆ ಕಾಯಿ ಒಡೆದು ಕಾರ್ಯ ಮುಗಿಸಿದೆವು. ಈಗ ಬೀಗರ ಮನೆಯ ಹಿರಿಯರು ಹಿಂದೆಮುಂದೆ ನೋಡುತ್ತಿದ್ದಾರೆ. ಹುಡುಗಿಯ ಕಾಲ್ಗುಣ ಎಂಬ ಮಾತೂ ಬಂದಿದೆ. ಶಾಂತಿ ಮಾಡಿಸಬೇಕೇ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಶಾಂತಿ ಬೇಡ ತಾಯಿ. ಬೇರೆ ಕಾಯಿ ಒಡೆದು ನೈವೇದ್ಯ ಮಾಡಿದಿರಲ್ಲ, ಅಲ್ಲಿಗೆ ಪೂಜೆ ಪೂರ್ತಿಯಾಯಿತು. ಆದರೆ ಬೀಗರ ಮುಂದೆ ಹೇಳಲು ನಿಮಗೆ ಕಾರಣ ಬೇಕು. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಂಡ ವಸ್ತುವಿನಿಂದ ಕಾಣದ್ದನ್ನು ತಿಳಿದರೆ, ಆ ಕಂಡದ್ದಕ್ಕೆ ತರ್ಕಶಾಸ್ತ್ರದಲ್ಲಿ ಲಿಂಗ ಅಂತ ಹೆಸರು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅನ್ನುತ್ತೇವೆ. ಯಾಕೆ? ಹೊಗೆ ಇದ್ದಲ್ಲೆಲ್ಲ ಬೆಂಕಿ ಇದ್ದದ್ದನ್ನು ಅಡುಗೆಮನೆಯಲ್ಲಿ ನೋಡಿದ್ದೇವೆ. ಈ ತಪ್ಪದ ನಂಟೇ ವ್ಯಾಪ್ತಿ. ಈಗ ಹೇಳಿ, ಕಾಯಿ ಕೆಟ್ಟ ಮದುವೆಗಳೆಲ್ಲ ಕೆಟ್ಟಿವೆಯೇ? ಕಾಯಿ ಬೆಳ್ಳಗೆ ಒಡೆದ ಮದುವೆಗಳೆಲ್ಲ ಬಾಳಿವೆಯೇ? ಪೌರೋಹಿತ್ಯದಲ್ಲಿ ಎರಡನ್ನೂ ಕಂಡಿದ್ದೇನೆ. ವ್ಯಾಪ್ತಿಯೇ ಇಲ್ಲದ ಮೇಲೆ ಅನುಮಾನ ಎಲ್ಲಿಂದ ಬಂತು? ಕೆಟ್ಟ ಕಾಯಿ ತಿಳಿಸುವುದು ಇಷ್ಟೇ: ಚಿಪ್ಪು ಎಲ್ಲೋ ಬಿರುಕು ಬಿಟ್ಟಿತ್ತು, ಇಲ್ಲವೇ ಕಾಯಿ ಹಳೆಯದು. ಒಳಗೆ ಹೂ ಬಂದ ಕಾಯಿ ಸಿಕ್ಕರೆ ಶುಭ ಅಂತ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಅದೂ ಬಹಳ ದಿನ ಇಟ್ಟು ಮೊಳಕೆಗೆ ಬಂದ ಕಾಯಿಯೇ!

ಇನ್ನು ಜನ ಒಪ್ಪಿ ಇಟ್ಟುಕೊಂಡ ಸಂಕೇತಗಳಿವೆ. ನಮ್ಮಲ್ಲಿ ಗೂಬೆ ಕೂಗಿದರೆ ಹೆದರುತ್ತಾರೆ. ಬಂಗಾಳದವರಿಗೆ ಅದು ಲಕ್ಷ್ಮಿಯ ವಾಹನ. ಕಾಗೆ ಮನೆಯೊಳಗೆ ಬಂದರೆ ಓಡಿಸುತ್ತೇವೆ, ಶ್ರಾದ್ಧದ ದಿನ ಅದೇ ಕಾಗೆ ಪಿಂಡ ಮುಟ್ಟಲಿಲ್ಲ ಅಂತ ಕಾದು ನಿಲ್ಲುತ್ತೇವೆ. ಪಾಠಶಾಲೆಯಲ್ಲಿ ಇದಕ್ಕೆ ಸೈಂಧವದ ಉದಾಹರಣೆ ಹೇಳುತ್ತಿದ್ದರು. ಸೈಂಧವ ಅಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕೂತವನು ಸೈಂಧವ ತಾ ಅಂದರೆ ಕುದುರೆ ತರುವವನಿಗೆ ಏನನ್ನೋಣ? ಸಂದರ್ಭ ಬಿಟ್ಟರೆ ಗುರುತಿಗೆ ಅರ್ಥವಿಲ್ಲ.

ಹಾಗಂತ ಶಕುನವೆಲ್ಲ ಸುಳ್ಳು ಅನ್ನುತ್ತಿಲ್ಲ. 6ನೇ ಶತಮಾನದ ವರಾಹಮಿಹಿರರು ಬೃಹತ್ಸಂಹಿತೆಯಲ್ಲಿ ಶಕುನಕ್ಕೆಂದೇ ಹಲವು ಅಧ್ಯಾಯ ಬರೆದಿದ್ದಾರೆ. ಅವರ ಪ್ರಕಾರವೂ ಶಕುನವು ಮನುಷ್ಯನ ಹಿಂದಿನ ಕರ್ಮ ಫಲಿಸುವುದನ್ನು ತಿಳಿಸುತ್ತದೆ, ಅಷ್ಟೇ. ಅದು ಸೂಚಕ, ಕಾರಕ ಅಲ್ಲ. ಹೊಗೆ ಬೆಂಕಿ ಹಚ್ಚುವುದಿಲ್ಲವಲ್ಲ, ಹಾಗೆ. ಮುಹೂರ್ತ ಚಿಂತಾಮಣಿಯಲ್ಲಂತೂ ಪ್ರಯಾಣಕ್ಕೆ ಹೊರಟವನಿಗೆ ಮೊದಲ ಅಪಶಕುನವಾದರೆ 11 ಉಸಿರಿನಷ್ಟು ಹೊತ್ತು ನಿಂತು ಹೊರಡು, ಎರಡನೆಯದಾದರೆ 16 ಉಸಿರು, ಮೂರನೆಯದಕ್ಕೆ ಮಾತ್ರ ಹೋಗಬೇಡ ಅಂತಿದೆ. ಶಾಸ್ತ್ರಕ್ಕಿರುವ ತಾಳ್ಮೆ ನಮ್ಮವರಿಗಿಲ್ಲ.

ಕಾಲ್ಗುಣದ ಮಾತಂತೂ ನನಗೆ ಸಹಿಸಲಾಗಲಿಲ್ಲ. ಕಾಯಿ ಆರಿಸಿದವರು ಅಂಗಡಿಯವರು, ತಂದವರು ಮನೆಯವರು, ಒಡೆದವರು ಪುರೋಹಿತರು. ಹುಡುಗಿ ಅದನ್ನು ಮುಟ್ಟಿಯೂ ಇರಲಿಕ್ಕಿಲ್ಲ. ನಿಮ್ಮ ಮಗಳ ಕಿವಿಗೆ ಈ ಮಾತು ಬಿದ್ದಿದ್ದರೆ ಮೊದಲು ಅವಳನ್ನು ಕೂರಿಸಿಕೊಂಡು ಮಾತಾಡಿ, ಬೀಗರು ಆಮೇಲೆ. ಅವರಿಗೆ ಶಂಕೆ ಉಳಿದರೆ ಅವರ ಪುರೋಹಿತರನ್ನೇ ಕೇಳಲಿ. ಈ ಪುಟ ತೋರಿಸಿದರೂ ಅಡ್ಡಿಯಿಲ್ಲ. ಜಾತಕ ಕೂಡಿಬಂದಿದ್ದರೆ ಮುಹೂರ್ತ ಮುಂದೂಡಬೇಡಿ.

ಮದುವೆಗೆ ಕಾಯಿ ತರುವಾಗ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಕಣ್ಣಿನ ಹತ್ತಿರ ಒದ್ದೆಯಿದೆಯೇ ನೋಡಿ. ಎರಡು ಕಾಯಿ ಹೆಚ್ಚಿಗೇ ಇಟ್ಟುಕೊಳ್ಳಿ.