ಮರದಿಂದ ಬಿದ್ದಾಗ ಪಕ್ಕೆಲುಬಿನ ಪೆಟ್ಟು

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಸುತ್ತಮುತ್ತ ಮೇ–ಜೂನ್ ಎಂದರೆ ಮಾವಿನ ಕೊಯ್ಲು. ಕೊಂಬೆಯಿಂದ ಜಾರಿ ಬಿದ್ದವರು ಮಣ್ಣು ಕೊಡವಿಕೊಂಡು, ಪಕ್ಕೆ ಹಿಡಿದುಕೊಂಡು ಮನೆಗೆ ನಡೆಯುವುದುಂಟು. ಮನೆಯವರು ಎಣ್ಣೆ ತಿಕ್ಕಿ, ಎದೆಯ ಸುತ್ತ ಪಂಚೆ ಬಿಗಿಯುತ್ತಾರೆ. ಈ ಕಟ್ಟು ಬೇಡ.

ಎದೆಗೂಡಿನಲ್ಲಿ 12 ಜೊತೆ ಪಕ್ಕೆಲುಬುಗಳಿವೆ. ಹೆಚ್ಚಾಗಿ ಮುರಿಯುವುದು ನಡುವಿನವು. ಇವು ಉಸಿರಿನೊಡನೆ ಏಳುತ್ತ ಇಳಿಯುತ್ತ ಇರಬೇಕಾದ ಮೂಳೆಗಳು. ಬಿಗಿದು ಕಟ್ಟಿದರೆ ಶ್ವಾಸಕೋಶದ ತಳಭಾಗ ಸರಿಯಾಗಿ ಹಿಗ್ಗದು. ಕಫ ನಿಂತು, ಮುಖ್ಯವಾಗಿ ವಯಸ್ಸಾದವರಲ್ಲಿ, ನ್ಯುಮೋನಿಯಾ ಆಗಬಹುದು. ವೈದ್ಯರು ನೋವಿನ ಮಾತ್ರೆ ಕೊಡುವುದೂ ರೋಗಿ ದೀರ್ಘವಾಗಿ ಉಸಿರೆಳೆಯಲಿ, ಕೆಮ್ಮಲಿ ಎಂದೇ. ಕೆಮ್ಮುವಾಗ ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದರೆ ನೋವು ತಗ್ಗುತ್ತದೆ. ಮೂಳೆ ಸಾಮಾನ್ಯವಾಗಿ 6 ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಕಾಣದಿರಬಹುದು. 'ಏನೂ ಇಲ್ಲವಂತೆ' ಎಂದು ಮರುದಿನವೇ ಮರ ಹತ್ತಬೇಡಿ.

ಮೂಳೆಗಿಂತ ಅದರ ಮರೆಯಲ್ಲಿರುವ ಅಂಗಗಳ ಬಗ್ಗೆಯೇ ವೈದ್ಯರಿಗೆ ಹೆಚ್ಚು ಆತಂಕ. ಮುರಿದ ತುದಿ ಶ್ವಾಸಕೋಶಕ್ಕೆ ಚುಚ್ಚಿದರೆ ಗಾಳಿ ಸೋರಿ ಅದು ಕುಸಿಯುತ್ತದೆ. ಕೆಳಗಿನ ಪಕ್ಕೆಲುಬುಗಳ ಒಳಗೆ ಎಡಕ್ಕೆ ಗುಲ್ಮ, ಬಲಕ್ಕೆ ಯಕೃತ್ತು ಇವೆ. ಇವು ಹರಿದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ, ಹೊರಗೆ ಒಂದು ಹನಿಯೂ ಕಾಣದು. ಗುಲ್ಮಕ್ಕೆ ಪೆಟ್ಟಾದಾಗ ಏನೂ ತಗಲದ ಎಡಭುಜ ನೋಯುವುದು ಒಂದು ವಿಚಿತ್ರ.

ಏದುಸಿರು, ನೀಲಿ ತುಟಿ, ರಕ್ತ ಬೆರೆತ ಕಫ, ತಣ್ಣನೆಯ ಬೆವರು, ತಲೆಸುತ್ತು, ಹೊಟ್ಟೆನೋವು—ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಇವು ಬಿದ್ದ ಕೂಡಲೇ ಅಲ್ಲದೆ ಒಂದೆರಡು ದಿನ ಕಳೆದೂ ಕಾಣಿಸಬಹುದು. ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಆಂಬುಲೆನ್ಸ್ ಬರುವವರೆಗೆ ಎತ್ತಿ ಕೂರಿಸಬೇಡಿ. ನೀರು, ಕಾಫಿ ಕುಡಿಸಬೇಡಿ.