ಪ್ಯಾಂಕ್ರಿಯಾಸ್ ಸಿಸ್ಟ್‌ಗೆ ಆಪರೇಷನ್ ಬೇಕೇ ಬೇಕೆ?

ಪ್ರಶ್ನೆ: ನಮ್ಮದು ಕೊಡಗಿನ ಹಾರಂಗಿ. ಎರಡು ತಿಂಗಳ ಹಿಂದೆ ಅಣ್ಣ ಪ್ಯಾಂಕ್ರಿಯಾಟೈಟಿಸ್ ಆಗಿ ಆಸ್ಪತ್ರೆಯಲ್ಲಿದ್ದ. ಈಗ ನೋವಿಲ್ಲ, ಊಟ ಸೇರುತ್ತದೆ. ಆದರೆ ಸ್ಕ್ಯಾನಿಂಗ್‌ನಲ್ಲಿ 7 ಸೆಂ.ಮೀ. ಸಿಸ್ಟ್ ಕಂಡಿದೆ. ಆಪರೇಷನ್ ಇಲ್ಲದೆ ಗುಣವಾಗುವುದೆ?

ಉತ್ತರ: ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಊದಿಕೊಂಡಾಗ ಅದರ ನಾಳ ಒಡೆದು ಜೀರ್ಣರಸ ಹೊರಗೆ ಸೋರುವುದುಂಟು. ಅದು ಹರಡದಂತೆ ದೇಹ ಸುತ್ತಲೂ ಗೋಡೆ ಕಟ್ಟುತ್ತದೆ. ಗೋಡೆ ಗಟ್ಟಿಯಾಗಲು ಸುಮಾರು 4 ವಾರ ಬೇಕು. ಇದು ಸ್ಯೂಡೋಸಿಸ್ಟ್, ಕ್ಯಾನ್ಸರ್ ಅಲ್ಲ. 6 ವಾರ ದಾಟಿ 6 ಸೆಂ.ಮೀ. ಮೀರಿದ್ದರೆ ಆಪರೇಷನ್ ಎಂಬ ನಿಯಮ ಹಿಂದೆ ಇತ್ತು. ಈಗ ಅಳತೆಯೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ತೊಂದರೆ ಕೊಡದ ಎಷ್ಟೋ ಸ್ಯೂಡೋಸಿಸ್ಟ್‌ಗಳು ತಾವಾಗಿಯೇ ಕರಗುತ್ತವೆ. ಅಣ್ಣನಿಗೆ ಸದ್ಯ ಬೇಕಿರುವುದು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮರುಸ್ಕ್ಯಾನಿಂಗ್.

ನೋವು ಮರುಕಳಿಸಿದರೆ, ತಿಂದದ್ದು ವಾಂತಿಯಾದರೆ, ಕಾಮಾಲೆ ಕಾಣಿಸಿದರೆ, ಸಿಸ್ಟ್‌ನಲ್ಲಿ ಸೋಂಕಾದರೆ ಮಾತ್ರ ಬರಿದು ಮಾಡಬೇಕು. ಆಗಲೂ ಹೊಟ್ಟೆ ಕೊಯ್ಯುವುದು ಮೊದಲ ಆಯ್ಕೆಯಲ್ಲ. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪನ್ನು ಬಾಯಿಂದ ಇಳಿಸಿ, ಜಠರದ ಗೋಡೆಯ ಆಚೆ ಸಿಸ್ಟ್ ಎಲ್ಲಿದೆ, ನಡುವೆ ರಕ್ತನಾಳ ಇದೆಯೇ ಎಂದು ನೋಡುತ್ತಾರೆ. ಬಳಿಕ ಅಲ್ಲಿಂದಲೇ ರಂಧ್ರ ಮಾಡಿ ಸ್ಟೆಂಟ್ ಕೂರಿಸುತ್ತಾರೆ. ದ್ರವ ಜಠರಕ್ಕೆ ಇಳಿದುಹೋಗುತ್ತದೆ. ರಕ್ತಸ್ರಾವ, ಸೋಂಕಿನ ಅಪಾಯ ಇಲ್ಲದಿಲ್ಲ. ಹೊರಗಿನಿಂದ ಟ್ಯೂಬ್ ಹಾಕುವ ಕ್ರಮವೂ ಉಂಟು, ಆದರೆ ಆ ದಾರಿಯಲ್ಲಿ ರಸ ತಿಂಗಳುಗಟ್ಟಲೆ ಚರ್ಮದ ಮೇಲೆ ಸೋರುತ್ತಲೇ ಉಳಿಯಬಹುದು. ಎಂಡೋಸ್ಕೋಪಿಗೆ ಅನುಭವಿ ಕೈ ಬೇಕು. ಅದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದೀತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ-ಕರುಳು ರೋಗಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ.

ಮದ್ಯಸಾರವನ್ನು ಸೂಜಿಯಲ್ಲಿ ಬಿಟ್ಟು ಸಿಸ್ಟ್ ಸುಡುವ ಚಿಕಿತ್ಸೆಯ ಸುದ್ದಿ ನಿಮ್ಮ ಕಿವಿಗೂ ಬೀಳಬಹುದು. ಅದು ಅಣ್ಣನ ಕಾಯಿಲೆಗಲ್ಲ. ಲೋಳೆ ತುಂಬಿದ, ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಬೇರೊಂದು ಬಗೆಯ ಸಿಸ್ಟ್‌ಗೆ, ಅದೂ ಆಪರೇಷನ್ ತಾಳಲಾರದ ಕೆಲವರಿಗೆ, ಆಯ್ದ ಕೇಂದ್ರಗಳಲ್ಲಿ ಪ್ರಯತ್ನಿಸುತ್ತಾರೆ. ಪ್ಯಾಂಕ್ರಿಯಾಟೈಟಿಸ್ ಬಾರದೆಯೇ ಸಿಸ್ಟ್ ಕಂಡಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಆಗ ದ್ರವ ತೆಗೆದು ಪರೀಕ್ಷಿಸಬೇಕಾಗಬಹುದು, ಕೆಲವಕ್ಕೆ ಆಪರೇಷನ್ನೇ ಸರಿ.

ಉರಿಯೂತ ಏಕೆ ಬಂತು ಎಂಬುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಪಿತ್ತಕೋಶದ ಕಲ್ಲು ಕಾರಣವಾಗಿದ್ದರೆ ಸಿಸ್ಟ್‌ಗೆ ಬೇಡವಾದ ಆಪರೇಷನ್ ಪಿತ್ತಕೋಶಕ್ಕೆ ಬೇಕಾಗುತ್ತದೆ. ಕುಡಿತವಾಗಿದ್ದರೆ ಪೂರ್ತಿ ನಿಲ್ಲಿಸಬೇಕು. ಕೊಡಗಿನ ಮದುವೆ, ಹಬ್ಬಗಳಲ್ಲಿ ಒಂದು ಗ್ಲಾಸ್ ಬೇಡ ಎನ್ನುವುದು ಎಷ್ಟು ಕಷ್ಟವೆಂದು ಬಲ್ಲೆ. ಮನೆಯವರೆಲ್ಲ ಜೊತೆ ನಿಂತರೆ ಆತನಿಗೆ ಹಗುರಾಗುತ್ತದೆ. ಪಕ್ಕದ ಕೇರಳದಲ್ಲಿ ಕುಡಿತವಿಲ್ಲದ ಎಳೆಯರಲ್ಲೂ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಸಕ್ಕರೆ ಕಾಯಿಲೆ ಬರುವ ಬಗೆಯನ್ನು ಹಲವು ದಶಕಗಳಿಂದ ಗುರುತಿಸಿದ್ದಾರೆ. ಹಾಗಾಗಿ ರಕ್ತದ ಸಕ್ಕರೆಯನ್ನೂ, ಉರಿಯೂತಕ್ಕೆ ಇನ್ನೊಂದು ಕಾರಣವಾಗಬಲ್ಲ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನೂ ಪರೀಕ್ಷೆ ಮಾಡಿಸಿ.

ಜ್ವರ, ಕಪ್ಪು ಮಲ, ರಕ್ತವಾಂತಿ, ತಟ್ಟನೆ ಏರುವ ನೋವು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಕುಶಾಲನಗರಕ್ಕೆ ಕರೆದೊಯ್ಯಿರಿ, ಹಳೆಯ ಸ್ಕ್ಯಾನಿಂಗ್ ವರದಿ ಕೈಯಲ್ಲಿರಲಿ. ಮುಂದೆಂದಾದರೂ ಲೋಹದ ಸ್ಟೆಂಟ್ ಹಾಕಿಸಿದರೆ, ಸಾಮಾನ್ಯವಾಗಿ 3–4 ವಾರದೊಳಗೆ ಅದನ್ನು ತೆಗೆಸಬೇಕು. ಆ ದಿನಾಂಕವನ್ನು ಆಸ್ಪತ್ರೆ ಬಿಡುವ ಮುನ್ನವೇ ಬರೆಸಿಕೊಳ್ಳಿ.