ಹೊಸ ಗ್ರಹ ಕಟ್ಟುವ ಮುನ್ನ

ವಿಜ್ಞಾನ ಕಥೆ ಬರೆಯುವ ಗೆಳೆಯರೇ, ನೀವು ಕಟ್ಟುವ ಗ್ರಹದ ನೆಲ ಎಷ್ಟು ಬಿಸಿ ಎಂದು ಅಂದಾಜು ಮಾಡುವಾಗ ನಕ್ಷತ್ರದಿಂದ ಅದಕ್ಕಿರುವ ದೂರವೊಂದನ್ನೇ ನೋಡಿ ಕೈತೊಳೆದುಕೊಳ್ಳಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಬುಧ ಸೂರ್ಯನಿಗೆ ಹತ್ತಿರ, ಶುಕ್ರ ದೂರ. ಆದರೂ ಶುಕ್ರನ ನೆಲ ಹಗಲಿರುಳೂ ಸುಮಾರು 460 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಬುಧನಲ್ಲಿ ಹಗಲು 430ರ ಆಸುಪಾಸು, ರಾತ್ರಿ ಮೈನಸ್ 180. ದಟ್ಟ ವಾತಾವರಣ ಮಾಡುವ ಕೆಲಸವಿದು. ಗಾಳಿಯ ಈ ಕಂಬಳಿ ಇಲ್ಲದಿದ್ದರೆ, ಸರಾಸರಿ 15 ಡಿಗ್ರಿಯ ನಮ್ಮ ಭೂಮಿಯೂ ಮೈನಸ್ 18ರಲ್ಲಿ ನಡುಗುತ್ತಿತ್ತು.

ದೂರ ಇಮ್ಮಡಿಯಾದರೆ ಬಿಸಿಲು ಕಾಲು ಪಾಲಿಗೆ ಇಳಿಯುತ್ತದೆ ನಿಜ. ಆದರೆ ಕೆಲ್ವಿನ್ ಲೆಕ್ಕದಲ್ಲಿ ತಾಪಮಾನ ತಗ್ಗುವುದು ಸುಮಾರು ಶೇ. 30 ಮಾತ್ರ. ಹಾಗಾಗಿ ಲೆಕ್ಕವನ್ನೆಲ್ಲ ಕೆಲ್ವಿನ್‌ನಲ್ಲೇ ಮಾಡಿ, ಕೊನೆಗೆ ಸೆಲ್ಸಿಯಸ್‌ಗೆ ತರಲು 273 ಕಳೆಯಿರಿ. ಮೋಡ, ಹಿಮ ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ ಎಂಬುದನ್ನೂ ಮರೆಯಬೇಡಿ. ಭೂಮಿ ಕಳಿಸುವುದು ಸುಮಾರು ಶೇ. 30.

ಸರಾಸರಿ ಸಿಕ್ಕಿತೆಂದು ಇಡೀ ಗ್ರಹಕ್ಕೆ ಒಂದೇ ಹವೆ ಬಳಿಯಬೇಡಿ. ತೆಲಂಗಾಣದ ನಮ್ಮ ಸಿರ್ಗಾಪುರದ ಸೀಮೆಯನ್ನೇ ನೋಡಿ: ಮೇ ತಿಂಗಳಲ್ಲಿ 40 ದಾಟುವ ಬಿಸಿಲು; ಚಳಿಗಾಲದಲ್ಲಿ ಇದೇ ಸೀಮೆಯ, ಜಹೀರಾಬಾದ್ ಬಳಿಯ ಕೊಹೀರ್ ಊರು 10ಕ್ಕಿಂತ ಕೆಳಗಿಳಿದು ರಾಜ್ಯದ ಚಳಿಯೂರುಗಳ ಸಾಲಿಗೆ ಸೇರುತ್ತದೆ. ಎತ್ತರದ ಬಯಲು, ಒಣ ಗಾಳಿ, ಮೋಡವಿಲ್ಲದ ಆಕಾಶ ಇದ್ದಲ್ಲಿ ನೆಲದ ಕಾವು ರಾತ್ರಿ ಬೇಗ ಹಾರಿಹೋಗುತ್ತದೆ. ನಿಮ್ಮ ಗ್ರಹದ ಎತ್ತರ, ತೇವ, ಹಗಲಿನ ಉದ್ದವನ್ನೂ ಬರೆದಿಟ್ಟುಕೊಳ್ಳಿ.

ಒಂದು ಮಾತು ಕೇಳಿ: ನಿಮ್ಮ ಸೂತ್ರವನ್ನು ಮೊದಲು ಭೂಮಿ, ಶುಕ್ರ, ಮಂಗಳಗಳಿಗೆ ಹಚ್ಚಿ ನೋಡಿ. ಅಲ್ಲಿ ತಾಳೆಯಾಗದ ಲೆಕ್ಕವನ್ನು ಕಥೆಗೆ ತರಬೇಡಿ.